ದುಬಾರಿ ಹೆಲ್ಮೆಟ್ ತಲೆಯನ್ನು ಹೆಚ್ಚು ಕಾಯುತ್ತದೆಯೇ?

ಎರಡು ಹೆಲ್ಮೆಟ್ ಅಕ್ಕಪಕ್ಕ ಇವೆ. ಒಂದರ ಬೆಲೆಗೆ ಇನ್ನೊಂದರಂಥವು ಹತ್ತು ಬರುತ್ತವೆ. ಹತ್ತು ಪಟ್ಟು ದುಡ್ಡು ಕೊಟ್ಟರೆ ತಲೆಗೆ ಹತ್ತು ಪಟ್ಟು ರಕ್ಷಣೆ ಸಿಗುತ್ತದೆಯೇ? ಇಲ್ಲ. ಬೆಲೆಗೂ ರಕ್ಷಣೆಗೂ ಅಂಥ ನೇರ ನಂಟಿಲ್ಲ. ಎರಡೂ ಒಂದೇ ಮಾನದಂಡದ ಪರೀಕ್ಷೆಯಲ್ಲಿ ನಿಜವಾಗಿ ಪಾಸಾಗಿದ್ದರೆ, ಪೆಟ್ಟು ತಡೆಯುವುದರಲ್ಲಿ ಅಗ್ಗದ್ದೇ ಒಂದು ಕೈ ಮೇಲಾಗಿರುವುದೂ ಉಂಟು. ಆದರೆ ಈ ಮಾತಿಗೆ ಒಂದು ಗಟ್ಟಿ ಷರತ್ತಿದೆ. ಯಾವ ಪರೀಕ್ಷೆಯನ್ನೂ ಕಾಣದೆ, ಆಕಾರದಲ್ಲಿ ಮಾತ್ರ ಹೆಲ್ಮೆಟ್ಟಿನಂತೆ ಇರುವ ವಸ್ತುಗಳೂ ‘ಅಗ್ಗದ ಹೆಲ್ಮೆಟ್’ ಎಂಬ ಹೆಸರಿನಲ್ಲೇ ಮಾರಾಟವಾಗುತ್ತವೆ. ಅವುಗಳಿಗೂ ಪಾಸಾದ ಅಗ್ಗದ ಹೆಲ್ಮೆಟ್ಟಿಗೂ ಇರುವ ಅಂತರ, ಅಗ್ಗದ್ದಕ್ಕೂ ದುಬಾರಿಯದಕ್ಕೂ ಇರುವ ಅಂತರಕ್ಕಿಂತ ಬಹಳ ದೊಡ್ಡದು.

ಇದು ಹೇಗೆ ಎಂದು ತಿಳಿಯಲು ಹೆಲ್ಮೆಟ್ಟಿನ ಒಳಗೆ ಇಣುಕಬೇಕು.

ತಲೆ ಉಳಿಸುವುದು ಥರ್ಮೋಕೋಲ್

ಕಣ್ಣಿಗೆ ಮೊದಲು ಬೀಳುವುದು ಹೊರಚಿಪ್ಪು. ಬಣ್ಣ, ಹೊಳಪು, ಕಂಪನಿಯ ಹೆಸರು ಎಲ್ಲ ಅದರ ಮೇಲೇ ಇರುವುದರಿಂದ, ಚಿಪ್ಪು ಗಟ್ಟಿಯಿದ್ದಷ್ಟೂ ತಲೆ ಕ್ಷೇಮ ಎಂಬ ಭಾವನೆ ಬಂದುಬಿಡುತ್ತದೆ. ಪೆಟ್ಟಿನ ಬಹುಪಾಲನ್ನು ನುಂಗುವುದು ಮಾತ್ರ ಬಟ್ಟೆಯ ಅಸ್ತರಿನ ಹಿಂದೆ ಅಡಗಿರುವ ಥರ್ಮೋಕೋಲ್ ಪದರ. ತಯಾರಕರು ಇದನ್ನು ಇಪಿಎಸ್ ಎನ್ನುತ್ತಾರೆ. ಟಿವಿ, ಫ್ರಿಜ್ ಪೆಟ್ಟಿಗೆಯಲ್ಲಿ ಬರುವ ಬಿಳಿ ಥರ್ಮೋಕೋಲಿನ ಜಾತಿಯದೇ ಇದು, ಅದಕ್ಕಿಂತ ಸಾಂದ್ರವಾದದ್ದು. ಪೆಟ್ಟು ಬಿದ್ದಾಗ ಇದರೊಳಗಿನ ಸಾವಿರಾರು ಪುಟ್ಟ ಗಾಳಿಗೂಡುಗಳು ಒಡೆದು ಕುಸಿಯುತ್ತವೆ. ಆ ಕುಸಿತದಲ್ಲೇ ಶಕ್ತಿ ಕರಗುತ್ತದೆ. ಕುಸಿದದ್ದು ಮತ್ತೆ ಉಬ್ಬುವುದಿಲ್ಲ, ಹಾಗಾಗಿ ಒಂದು ಜಾಗ ಒಂದೇ ಸಲ ಕೆಲಸಕ್ಕೆ ಬರುತ್ತದೆ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ತಲೆ ಸೆಕೆಂಡಿಗೆ 7.5 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯಿತು ಎಂದಿಟ್ಟುಕೊಳ್ಳಿ. ಸುಮಾರು 2.9 ಮೀಟರ್ ಎತ್ತರದಿಂದ ಬಿದ್ದರೆ ಬರುವ ವೇಗ ಇದು. ಆ ವೇಗ ಸೊನ್ನೆಗೆ ಇಳಿಯಲೇಬೇಕು. ಎಷ್ಟು ದೂರದಲ್ಲಿ ಇಳಿಯುತ್ತದೆ ಎಂಬುದರ ಮೇಲೆ ಜೀವ ನಿಂತಿದೆ. ವೇಗದ ವರ್ಗವನ್ನು ನಿಲ್ಲುವ ದೂರದ ಎರಡರಷ್ಟರಿಂದ ಭಾಗಿಸಿದರೆ ಸರಾಸರಿ ಹಿಂವೇಗ, ಅಂದರೆ ವೇಗ ಎಷ್ಟು ಥಟ್ಟನೆ ಇಳಿಯುತ್ತದೆ ಎಂಬ ದರ, ಸಿಗುತ್ತದೆ. ಬರಿದಲೆಯಾದರೆ ನೆತ್ತಿಯ ಚರ್ಮ ಅಪ್ಪಚ್ಚಿಯಾಗಿ ಸಿಗುವ ದೂರ 3 ಮಿಲಿಮೀಟರ್ ಎಂದುಕೊಂಡರೂ ಹಿಂವೇಗ ಸುಮಾರು 950 ಜಿ, ಅಂದರೆ ಗುರುತ್ವದ 950 ಪಟ್ಟು. 12 ಮಿಲಿಮೀಟರ್ ಥರ್ಮೋಕೋಲ್ ಇದ್ದು ಅದರಲ್ಲಿ 8 ಮಿಲಿಮೀಟರ್ ಕುಸಿದರೆ ಸುಮಾರು 360 ಜಿ. 35 ಮಿಲಿಮೀಟರ್ ದಪ್ಪದ್ದು 24 ಮಿಲಿಮೀಟರಿನಷ್ಟು ಕುಸಿದರೆ 120 ಜಿ. ಇವೆಲ್ಲ ಸರಾಸರಿ ಅಂಕಿಗಳು, ಆ ಕ್ಷಣದ ಗರಿಷ್ಠ ಮಟ್ಟ ಇದಕ್ಕಿಂತ ಮೇಲಿರುತ್ತದೆ. ಆದರೂ ಅನುಪಾತ ಸ್ಪಷ್ಟ: ಪೂರ್ತಿ ದಪ್ಪದ ಪದರ ಇರುವ ಹೆಲ್ಮೆಟ್ಟಿಗೂ ಬೆರಳಗಲದ ಪದರದ ಟೋಪಿಗೂ ಮೂರು ಪಟ್ಟು ವ್ಯತ್ಯಾಸ.

ಬೆಲೆಯ ಪ್ರಶ್ನೆ ಇಲ್ಲೇ ಅರ್ಧ ಬಗೆಹರಿಯಿತು. ಥರ್ಮೋಕೋಲ್ ಬಹಳ ಅಗ್ಗದ ವಸ್ತು. ಮಣಿಗಳನ್ನು ಅಚ್ಚಿಗೆ ತುಂಬಿ ಹಬೆ ಹಾಯಿಸಿದರೆ ಪದರ ಸಿದ್ಧ. ದಪ್ಪವನ್ನು ಬೇಕಾದಷ್ಟು ಹೆಚ್ಚಿಸುವಂತೆಯೂ ಇಲ್ಲ, ಹೆಚ್ಚಿಸುತ್ತ ಹೋದರೆ ಹೆಲ್ಮೆಟ್ ಕೊಡಪಾನದಷ್ಟು ಗಾತ್ರವಾಗಿ ಕುತ್ತಿಗೆಗೆ ಭಾರವಾಗುತ್ತದೆ. ಆದ್ದರಿಂದ ಅಗ್ಗದ ತಯಾರಕರೂ ದುಬಾರಿ ತಯಾರಕರೂ ಹೆಚ್ಚುಕಡಿಮೆ ಅದೇ ವಸ್ತುವನ್ನು, ಹೆಚ್ಚುಕಡಿಮೆ ಅದೇ ದಪ್ಪದಲ್ಲಿ ಬಳಸುತ್ತಾರೆ. ನಿಜವಾದ ಜಾಣ್ಮೆ ಇರುವುದು ಅದರ ಸಾಂದ್ರತೆಯನ್ನು ಹದಗೊಳಿಸುವುದರಲ್ಲಿ.

ತೀರಾ ಮೆತ್ತಗಿದ್ದರೆ ಪೆಟ್ಟು ಮುಗಿಯುವ ಮೊದಲೇ ಪದರ ಪೂರ್ತಿ ಕುಸಿದು, ಉಳಿದ ಶಕ್ತಿ ಒಮ್ಮೆಲೇ ತಲೆಗೆ ಬಡಿಯುತ್ತದೆ. ತೀರಾ ಗಟ್ಟಿಯಿದ್ದರೆ ಸಾಧಾರಣ ಪೆಟ್ಟಿಗೆ ಅದು ಕುಸಿಯುವುದೇ ಇಲ್ಲ, ಪೆಟ್ಟು ಹಾಗೇ ತಲೆಗೆ ದಾಟುತ್ತದೆ. ಜೋರಾದ ಪೆಟ್ಟಿಗೆಂದು ಹದ ಮಾಡಿದ ಹೆಲ್ಮೆಟ್ ಸಣ್ಣ ಪೆಟ್ಟಿನಲ್ಲಿ ಕೆಟ್ಟದಾಗಿ ವರ್ತಿಸಬಹುದು, ಸಣ್ಣದಕ್ಕೆ ಹದವಾದದ್ದು ಜೋರಿನದಕ್ಕೆ ಸಾಲದಾಗಬಹುದು. ತಲೆಯ ತೂಕವೂ ಲೆಕ್ಕಕ್ಕೆ ಬರುತ್ತದೆ. ವಿಶ್ವಸಂಸ್ಥೆಯ ಯುರೋಪ್ ಆಯೋಗದ ಮಾನದಂಡವಾದ ಇಸಿಇ ಪರೀಕ್ಷೆಯಲ್ಲಿ ಬಳಸುವ ಲೋಹದ ತಲೆಗಳಲ್ಲಿ 50 ಸೆಂಟಿಮೀಟರ್ ಸುತ್ತಳತೆಯದು 3.1 ಕಿಲೊ, 62 ಸೆಂಟಿಮೀಟರಿನದು 6.1 ಕಿಲೊ. ಒಂದರ ತೂಕ ಇನ್ನೊಂದರ ಹತ್ತಿರ ಹತ್ತಿರ ಅರ್ಧ. ದೊಡ್ಡ ತಲೆಗೆ ಹದವಾದ ಥರ್ಮೋಕೋಲನ್ನೇ ಸಣ್ಣ ಅಳತೆಯ ಹೆಲ್ಮೆಟ್ಟಿಗೂ ತುಂಬಿದರೆ ಅದು ಆ ತಲೆಗೆ ಕಲ್ಲಿನಷ್ಟು ಗಟ್ಟಿ.

ಹಾಗಾದರೆ ಚಿಪ್ಪಿನ ಕೆಲಸವೇನು? ಒಂದು ಬಿಂದುವಿನಲ್ಲಿ ಬಿದ್ದ ಪೆಟ್ಟನ್ನು ಅಗಲವಾದ ಜಾಗಕ್ಕೆ ಹರಡುವುದು, ಚೂಪಾದ ವಸ್ತು ಒಳಗೆ ನುಗ್ಗದಂತೆ ತಡೆಯುವುದು, ರಸ್ತೆಯ ಮೇಲೆ ಸಿಕ್ಕಿಕೊಳ್ಳದೆ ಜಾರುವುದು. ಎಬಿಎಸ್ ಅಥವಾ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಚಿಪ್ಪು ಬಾಗಿ ಪೆಟ್ಟು ತಾಳುತ್ತದೆ. ಫೈಬರ್ ಗ್ಲಾಸ್ ಚಿಪ್ಪಿನ ಪದರಗಳು ಒಂದರಿಂದೊಂದು ಬಿಟ್ಟುಕೊಂಡು, ಹರಿದು, ಆ ಹರಿಯುವಿಕೆಯಲ್ಲೇ ಒಂದಷ್ಟು ಶಕ್ತಿಯನ್ನು ತಿನ್ನುತ್ತವೆ. ಕಾರ್ಬನ್ ಫೈಬರ್ ಅದೇ ಗಟ್ಟಿತನವನ್ನು ಕಡಿಮೆ ತೂಕದಲ್ಲಿ ಕೊಡುತ್ತದೆ. ಯಾವುದೇ ಆಗಲಿ, ಒಳಗಿನ ಪದರವನ್ನು ಅದಕ್ಕೆ ಹೊಂದುವಂತೆ ಹದ ಮಾಡಿದ್ದರೆ ಕೆಲಸ ಸರಿಯಾಗುತ್ತದೆ. ‘ಕಾರ್ಬನ್’ ಎಂಬ ಬರಹ ಹಗುರತನದ ಖಾತ್ರಿ ಅಷ್ಟೇ, ಅದನ್ನು ರಕ್ಷಣೆಯ ಖಾತ್ರಿ ಎಂದುಕೊಂಡು ದುಡ್ಡು ಸುರಿಯಬಾರದು.

ಪರೀಕ್ಷೆಯಲ್ಲಿ ಏನು ನಡೆಯುತ್ತದೆ

ಸೆಕೆಂಡಿಗೆ 7.5 ಮೀಟರ್ ಅಂದರೆ ಗಂಟೆಗೆ 27 ಕಿಲೋಮೀಟರ್. ಹೆಲ್ಮೆಟ್ ಪರೀಕ್ಷೆಯ ವೇಗ ಇಷ್ಟೇ ಎಂದು ಕೇಳಿದವರು ಬೆಚ್ಚುತ್ತಾರೆ, ‘ನಾವು ಓಡಿಸುವುದು 80ರಲ್ಲಿ’ ಎನ್ನುತ್ತಾರೆ. ಬೈಕ್ ಮುಂದಕ್ಕೆ ಓಡುವ ವೇಗ ಬೇರೆ, ತಲೆ ನೆಲಕ್ಕೆ ಲಂಬವಾಗಿ ಬಡಿಯುವ ವೇಗ ಬೇರೆ. ಬೈಕಿನಿಂದ ಉರುಳಿದ ತಲೆ ಒಂದೂವರೆ ಮೀಟರ್ ಎತ್ತರದಿಂದ ಬಿದ್ದರೆ ನೆಲದ ಕಡೆಗಿನ ವೇಗ ಗಂಟೆಗೆ 20 ಕಿಲೋಮೀಟರಿನ ಆಸುಪಾಸು. ಉಳಿದ ವೇಗ ರಸ್ತೆಯುದ್ದಕ್ಕೂ ಜಾರುವುದರಲ್ಲಿ ಕರಗುತ್ತದೆ. ಎದುರಿಗೆ ಕಂಬ, ಗೋಡೆ, ಲಾರಿ ಸಿಕ್ಕಿದರೆ ಈ ಲೆಕ್ಕ ಉಲ್ಟಾ ಆಗುತ್ತದೆ. ಅಂಥ ಪೆಟ್ಟಿನ ಪೂರ್ತಿ ಭಾರ ಹೊರುವ ಹೆಲ್ಮೆಟ್ ಯಾವ ಬೆಲೆಗೂ ಸಿಗುವುದಿಲ್ಲ.

ಜಗತ್ತಿನಲ್ಲಿ ಹೆಚ್ಚು ಚಾಲ್ತಿಯಲ್ಲಿರುವ ಮಾನದಂಡ ಇಸಿಇ 22. ಅದರ ಹಳೆಯ ರೂಪ 22.05ರಲ್ಲಿ 7.5 ಮೀಟರ್ ವೇಗದ ಪೆಟ್ಟಿಗೆ ತಲೆಯ ಹಿಂವೇಗ 275 ಜಿ ಮೀರಬಾರದು ಎಂಬ ನಿಯಮವಿತ್ತು. ಪೆಟ್ಟು ಎಲ್ಲಿ ಬೀಳುತ್ತದೆ ಎಂಬುದೂ ಮೊದಲೇ ಗೊತ್ತಿದ್ದ ಕೆಲವೇ ಜಾಗಗಳು. 2021ರ ಜನವರಿಯಲ್ಲಿ ಜಾರಿಗೆ ಬಂದ 22.06 ಇದನ್ನು ಬಹಳ ಬಿಗಿ ಮಾಡಿತು. ಈಗ 8.2 ಮೀಟರ್ ವೇಗದ ಪೆಟ್ಟೂ ಇದೆ. ವೇಗ ಸ್ವಲ್ಪವೇ ಹೆಚ್ಚು ಎನಿಸಿದರೂ ಶಕ್ತಿ ಸುಮಾರು ಶೇ 20 ಹೆಚ್ಚಾಗುತ್ತದೆ. ಜೊತೆಗೆ 6 ಮೀಟರ್ ವೇಗದ ಮೆಲುಪೆಟ್ಟೂ ಇದ್ದು, ಅಲ್ಲಿ ಮಿತಿ 180 ಜಿ. ಜೋರು ಪೆಟ್ಟಿಗೆಂದು ಒಳಪದರವನ್ನು ಬೇಕಾಬಿಟ್ಟಿ ಗಟ್ಟಿ ಮಾಡಿದವರು ಈ ಮೆಲುಪೆಟ್ಟಿನಲ್ಲಿ ಫೇಲಾಗುತ್ತಾರೆ. ಎರಡು ತುದಿಯಿಂದಲೂ ಹಿಡಿದಿರುವ ಈ ವ್ಯವಸ್ಥೆ ಸವಾರರಿಗೆ ಸಿಕ್ಕ ದೊಡ್ಡ ಲಾಭ. ಪೆಟ್ಟು ಹಾಕುವ ಹೆಚ್ಚುವರಿ ಜಾಗಗಳನ್ನೂ ಈಗ ಪ್ರಯೋಗಾಲಯವೇ ಆರಿಸುತ್ತದೆ.

ಅಮೆರಿಕದ ಡಾಟ್ ಮಾನದಂಡದ ಪೂರ್ತಿ ಹೆಸರು ಎಫ್‌ಎಂವಿಎಸ್‌ಎಸ್ 218. ಅಲ್ಲಿ ಗರಿಷ್ಠ ಮಿತಿ 400 ಜಿ. ಆದರೆ 200 ಜಿಗಿಂತ ಮೇಲೆ ಇರುವ ಅವಧಿ 2 ಮಿಲಿಸೆಕೆಂಡ್, 150 ಜಿಗಿಂತ ಮೇಲಿನ ಅವಧಿ 4 ಮಿಲಿಸೆಕೆಂಡ್ ದಾಟಬಾರದು ಎಂಬ ಇನ್ನೊಂದು ಕಟ್ಟು ಇರುವುದರಿಂದ, 400 ಎಂಬ ಅಂಕಿ ಕಂಡಷ್ಟು ಸಡಿಲವಲ್ಲ. ಡಾಟ್‌ನ ದೌರ್ಬಲ್ಯ ಬೇರೆ ಕಡೆ ಇದೆ: ಹೆಲ್ಮೆಟ್ ಪಾಸಾಗಿದೆ ಎಂದು ತಯಾರಕರೇ ಘೋಷಿಸಿಕೊಂಡು ಸ್ಟಿಕರ್ ಹಚ್ಚುತ್ತಾರೆ. ಸರ್ಕಾರದ ಸಂಸ್ಥೆ ಆಮೇಲೆ ಮಾರುಕಟ್ಟೆಯಿಂದ ಕೆಲವನ್ನು ಕೊಂಡು ಪರೀಕ್ಷಿಸುತ್ತದೆ, ಅದರಲ್ಲಿ ಫೇಲಾದವೂ ಸಿಕ್ಕಿವೆ. ಗದ್ದದ ಭಾಗದ ಪರೀಕ್ಷೆಯೂ ಡಾಟ್‌ನಲ್ಲಿ ಇಲ್ಲ. ಇಸಿಇಯಲ್ಲಿ ಮಾದರಿಯನ್ನು ಹೊರಗಿನ ಪ್ರಯೋಗಾಲಯ ಪರೀಕ್ಷಿಸಿ ಒಪ್ಪಿದ ಮೇಲಷ್ಟೇ ಮಾರಾಟ.

ಸ್ನೆಲ್ ಮೂರನೆಯದು. 1956ರಲ್ಲಿ ರೇಸಿನಲ್ಲಿ ತೀರಿಕೊಂಡ ಪೀಟ್ ಸ್ನೆಲ್ ಹೆಸರಿನಲ್ಲಿ ಮರುವರ್ಷ ಶುರುವಾದ ಪ್ರತಿಷ್ಠಾನ ಇದನ್ನು ನಡೆಸುತ್ತದೆ. ಒಂದೇ ಜಾಗಕ್ಕೆ ಎರಡು ಸಲ ಬಡಿಯುವುದು ಇದರ ವಿಶೇಷ. ರೇಸ್ ಟ್ರ್ಯಾಕಿಗೆ ಇದು ಸರಿಯೇ. ಆದರೆ ಎರಡನೆಯ ಪೆಟ್ಟನ್ನೂ ತಡೆಯಬೇಕಾದ ಹೆಲ್ಮೆಟ್ಟಿನ ಒಳಪದರ ಗಟ್ಟಿಯಾಗಿಯೇ ಇರಬೇಕಾಗುತ್ತದೆ, ಮೊದಲ ಪೆಟ್ಟಿಗೆ ಅದು ಕಡಿಮೆ ಕುಸಿಯುತ್ತದೆ. ಹಳೆಯ ನಿಯಮಗಳಲ್ಲಿ ಸಣ್ಣ ತಲೆಗೂ ದೊಡ್ಡ ತಲೆಗೂ ಒಂದೇ ತೂಕ ಇಟ್ಟುಕೊಂಡಿದ್ದರಿಂದ ಸಣ್ಣ ಅಳತೆಯ ಹೆಲ್ಮೆಟ್‌ಗಳು ಬೇಕಾದ್ದಕ್ಕಿಂತ ಗಟ್ಟಿಯಾಗುತ್ತಿದ್ದವು. ಎಂ2010 ನಿಯಮ ಇದನ್ನು ತಿದ್ದಿತು. ಆಮೇಲಿನ ಎಂ2020ರಲ್ಲಿ ಡಾಟ್‌ಗೆ ಹೊಂದುವ ಡಿ, ಇಸಿಇಗೆ ಹೊಂದುವ ಆರ್ ಎಂಬ ಎರಡು ಬಗೆ ಬಂದವು.

ಬೆಲೆ ಏರಿದಂತೆ ಅಂಕ ಏರುತ್ತದೆಯೇ

ಪಾಸು, ಫೇಲು ಎಂದು ಹೇಳುವ ಪರೀಕ್ಷೆಯಿಂದ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಅಂಚಿನಲ್ಲಿ ಪಾಸಾದದ್ದೂ ಚೆನ್ನಾಗಿ ಪಾಸಾದದ್ದೂ ಒಂದೇ ಸ್ಟಿಕರ್ ಹೊತ್ತಿರುತ್ತವೆ. ಬ್ರಿಟನ್ ಸರ್ಕಾರ 2007ರಲ್ಲಿ ಶುರು ಮಾಡಿದ ಶಾರ್ಪ್ ಎಂಬ ಯೋಜನೆ ಈ ಕೊರತೆ ತುಂಬಿತು. ಆಗಲೇ ಮಾನದಂಡ ದಾಟಿದ ಹೆಲ್ಮೆಟ್‌ಗಳನ್ನೇ ಅಂಗಡಿಯಿಂದ ಕೊಂಡು, ಒಂದೊಂದು ಮಾದರಿಯ ಏಳು ಹೆಲ್ಮೆಟ್‌ಗಳಿಗೆ ಒಟ್ಟು 32 ಪೆಟ್ಟು ಹಾಕಿ, ಒಂದರಿಂದ ಐದು ನಕ್ಷತ್ರ ಕೊಡುತ್ತಾರೆ. 6, 7.5 ಮತ್ತು 8.5 ಮೀಟರ್ ಹೀಗೆ ಮೂರು ವೇಗದಲ್ಲಿ, ಚಪ್ಪಟೆ ನೆಲಕ್ಕೂ ಫುಟ್‌ಪಾತಿನ ಅಂಚಿನಂಥ ಕೋನಕ್ಕೂ ಬಡಿಯುತ್ತಾರೆ.

ಮಾನದಂಡ ದಾಟಿದವುಗಳ ನಡುವೆಯೇ ರಕ್ಷಣೆ ಶೇ 70ರವರೆಗೆ ಹೆಚ್ಚುಕಡಿಮೆ ಇರಬಹುದು ಎಂದು ಶಾರ್ಪ್ ಹೇಳುತ್ತದೆ. ಐದು ನಕ್ಷತ್ರದ ಪಟ್ಟಿಯಲ್ಲಿ ಕೆಳದರದ ಪಾಲಿಕಾರ್ಬೊನೇಟ್ ಹೆಲ್ಮೆಟ್‌ಗಳಿವೆ, ಎರಡು ಮೂರು ನಕ್ಷತ್ರಕ್ಕೆ ನಿಂತ ದುಬಾರಿ ಹೆಸರುಗಳೂ ಇವೆ. ಅಂದರೆ ವ್ಯತ್ಯಾಸ ಇದೆ, ದೊಡ್ಡದಾಗಿಯೇ ಇದೆ, ಬೆಲೆಯ ಚೀಟಿ ನೋಡಿ ಮಾತ್ರ ಅದನ್ನು ಗುರುತಿಸಲಾಗದು. 2005ರಲ್ಲಿ ಅಮೆರಿಕದ ಒಂದು ಮೋಟರ್‌ಸೈಕಲ್ ಪತ್ರಿಕೆ ಹಲವು ಹೆಲ್ಮೆಟ್‌ಗಳನ್ನು ಒಟ್ಟಿಗೆ ಪರೀಕ್ಷೆಗೆ ಒಡ್ಡಿದಾಗಲೂ ಅಷ್ಟೇ: ಡಾಟ್ ಗುರುತು ಮಾತ್ರ ಇದ್ದ ಒಂದು ಅಗ್ಗದ ಪಾಲಿಕಾರ್ಬೊನೇಟ್ ಹೆಲ್ಮೆಟ್ ತಲೆಗೆ ದಾಟಿಸಿದ ಪೆಟ್ಟು, ಆಗಿನ ಸ್ನೆಲ್ ಗುರುತಿನ ದುಬಾರಿಯವು ದಾಟಿಸಿದ್ದಕ್ಕಿಂತ ಕಡಿಮೆಯಿತ್ತು. ಮೆತ್ತಗಿನ ಪದರ ಕುಸಿಯಿತು, ಗಟ್ಟಿಯದು ಕುಸಿಯಲಿಲ್ಲ, ಅಷ್ಟೇ ಕಾರಣ.

ಕೊಳ್ಳಲಿರುವ ಮಾದರಿ ಶಾರ್ಪ್ ಪಟ್ಟಿಯಲ್ಲಿದ್ದರೆ ಅದರ ಪುಟ ನೋಡದೆ ಕೊಳ್ಳಬೇಡಿ. ತಲೆಯ ಯಾವ ಬದಿಗೆ ರಕ್ಷಣೆ ಚೆನ್ನಾಗಿದೆ, ಯಾವ ಬದಿಗೆ ಕಡಿಮೆ ಎಂದು ಬಣ್ಣದಲ್ಲಿ ತೋರಿಸಿರುತ್ತಾರೆ. ಮುಂಭಾಗ ಮೇಲೆತ್ತುವ ಮಾಡ್ಯುಲರ್ ಹೆಲ್ಮೆಟ್ ಆದರೆ, ಪೆಟ್ಟು ಬಿದ್ದಾಗ ಅದರ ಚಿಲಕ ಎಷ್ಟು ಸಲ ತೆರೆಯದೆ ನಿಂತಿತು ಎಂಬ ಶೇಕಡಾವಾರು ಅಂಕಿಯೂ ಇರುತ್ತದೆ. ಮಾಡ್ಯುಲರ್ ಕೊಳ್ಳುವವರಿಗೆ ಇದು ನಕ್ಷತ್ರದಷ್ಟೇ ಮುಖ್ಯ, ಪೆಟ್ಟಿಗೆ ಚಿಲಕ ತೆರೆದುಕೊಂಡರೆ ಗದ್ದ ಬಯಲಾಗುತ್ತದೆ.

ಮಿದುಳು ತಿರುಚಿಕೊಳ್ಳುವ ಪೆಟ್ಟು

ಇಲ್ಲಿಯವರೆಗೆ ಹೇಳಿದ್ದು ನೇರ ಪೆಟ್ಟಿನ ಮಾತು. ರಸ್ತೆಯಲ್ಲಿ ಬೀಳುವ ಪೆಟ್ಟುಗಳಲ್ಲಿ ಹೆಚ್ಚಿನವು ಓರೆ. ಓಡುವ ಬೈಕಿನಿಂದ ಬಿದ್ದ ತಲೆ ನೆಲ ಮುಟ್ಟಿದ ಕೂಡಲೇ ರಸ್ತೆಯ ಒರಟು ಹೆಲ್ಮೆಟ್ಟನ್ನು ಹಿಡಿದು ತಿರುಗಿಸುತ್ತದೆ, ಬುರುಡೆ ಜೊತೆಗೇ ತಿರುಗುತ್ತದೆ, ಒಳಗಿನ ಮೃದುವಾದ ಮಿದುಳು ಹಿಂದುಳಿಯುತ್ತದೆ. ನರತಂತುಗಳು ಎಳೆದು ಹರಿಯುವುದು ಆಗಲೇ. ಬುರುಡೆ ಬಿರುಕು ಬಿಡದೆಯೂ ಮಿದುಳಿಗೆ ಭಾರಿ ಹಾನಿಯಾಗಬಹುದು. ತಿರುಗುವಿಕೆಯೇ ಮಿದುಳಿನ ದೊಡ್ಡ ಶತ್ರು ಎಂದು ಆಕ್ಸ್‌ಫರ್ಡಿನ ಭೌತವಿಜ್ಞಾನಿ ಹಾಲ್ಬರ್ನ್ 1943ರಲ್ಲೇ ವಾದಿಸಿದ್ದರು. ರಸ್ತೆ ಹೆಲ್ಮೆಟ್ಟಿನ ಕಡ್ಡಾಯ ಪರೀಕ್ಷೆಯಲ್ಲಿ ಅದನ್ನು ಅಳೆಯಲು ಶುರುವಾದದ್ದು 22.06ರಿಂದ. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ, 45 ಡಿಗ್ರಿ ಓರೆಯಾಗಿಟ್ಟು ಉಜ್ಜುಕಾಗದ ಅಂಟಿಸಿದ ಲೋಹದ ಗಟ್ಟಿಯ ಮೇಲೆ ಹೆಲ್ಮೆಟ್ಟನ್ನು ಬೀಳಿಸಿ, ತಲೆ ಎಷ್ಟು ಜೋರಾಗಿ ತಿರುಗಿತು ಎಂದು ನೋಡುತ್ತಾರೆ.

ದುಬಾರಿ ಹೆಲ್ಮೆಟ್‌ಗಳಲ್ಲಿ ಕಾಣುವ ಮಿಪ್ಸ್ ಇದಕ್ಕಾಗಿ ಸ್ವೀಡನ್ನಿನಲ್ಲಿ ಹುಟ್ಟಿದ ಉಪಾಯ. ಥರ್ಮೋಕೋಲ್ ಮತ್ತು ಅಸ್ತರಿನ ನಡುವೆ ಒಂದು ತೆಳು ಪದರ ಇಟ್ಟು, ಪೆಟ್ಟು ಬಿದ್ದಾಗ ತಲೆಯೂ ಹೆಲ್ಮೆಟ್ಟೂ ಒಂದರೊಳಗೊಂದು 10ರಿಂದ 15 ಮಿಲಿಮೀಟರ್ ಜಾರುವಂತೆ ಮಾಡುತ್ತದೆ. ಇದಕ್ಕೆ ಸ್ವಲ್ಪ ಹೆಚ್ಚು ಕೊಡುವುದು ವ್ಯರ್ಥವಲ್ಲ. ಆದರೆ ಮಿಪ್ಸ್ ಇಲ್ಲದ 22.06 ಹೆಲ್ಮೆಟ್ಟೂ ಅದೇ ತಿರುಗುವಿಕೆಯ ಮಿತಿಯೊಳಗೆ ನಿಂತು ಪಾಸಾಗಿರುತ್ತದೆ. ಹಳೆಯ 22.05 ಗುರುತಿನ ದುಬಾರಿ ಹೆಲ್ಮೆಟ್ ರಿಯಾಯಿತಿಯಲ್ಲಿ ಸಿಗುತ್ತಿದೆ, ಪಕ್ಕದಲ್ಲಿ ಅದೇ ಬೆಲೆಗೆ ಸಾಧಾರಣ ಕಂಪನಿಯ 22.06 ಇದೆ ಎಂದರೆ, ಎರಡನೆಯದನ್ನೇ ಆರಿಸಿ.

ಹೆಚ್ಚುವರಿ ದುಡ್ಡು ಎಲ್ಲಿಗೆ ಹೋಗುತ್ತದೆ

ಪ್ಲಾಸ್ಟಿಕ್ ಚಿಪ್ಪನ್ನು ಯಂತ್ರ ಒಂದೇ ಒತ್ತಿಗೆ ಅಚ್ಚು ಹಾಕುತ್ತದೆ. ಫೈಬರ್, ಕಾರ್ಬನ್ ಚಿಪ್ಪುಗಳನ್ನು ಪದರ ಪದರವಾಗಿ ಜೋಡಿಸಿ, ರಾಳ ಹಾಕಿ, ಬೇಯಿಸಿ, ಕತ್ತರಿಸಬೇಕು, ಅದರಲ್ಲಿ ಬಹಳಷ್ಟು ಕೈಕೆಲಸ. ಬೆಲೆಯ ದೊಡ್ಡ ಅಂತರ ಇಲ್ಲಿಂದಲೇ ಶುರು. ಫಲವಾಗಿ ಹಗುರತನ ಸಿಗುತ್ತದೆ: 1.7 ಕಿಲೊ ಬದಲು 1.3 ಕಿಲೊ. ದಿನಕ್ಕೆ ಅರ್ಧ ಗಂಟೆ ಓಡಿಸುವವರಿಗೆ ಇದು ಗೊತ್ತೂ ಆಗುವುದಿಲ್ಲ, ದಿನವಿಡೀ ಓಡಿಸುವವರ ಕುತ್ತಿಗೆಗೆ ಚೆನ್ನಾಗಿ ಗೊತ್ತಾಗುತ್ತದೆ.

ಎರಡನೆಯದು ಚಿಪ್ಪಿನ ಅಳತೆಗಳು. ಅಗ್ಗದ ಮಾದರಿಯಲ್ಲಿ ಎಲ್ಲ ಸೈಜಿಗೂ ಒಂದೋ ಎರಡೋ ಚಿಪ್ಪು ಮಾಡಿ, ಒಳಗಿನ ಪದರ ಮತ್ತು ಮೆತ್ತೆಯಿಂದ ಸೈಜು ಸರಿದೂಗಿಸುತ್ತಾರೆ. ದುಬಾರಿಯದರಲ್ಲಿ ಮೂರು, ನಾಲ್ಕು, ಕೆಲವೊಮ್ಮೆ ಐದು ಚಿಪ್ಪು ಇರುತ್ತವೆ. ಸಣ್ಣ ತಲೆಯವರಿಗೆ ಇದರ ಲಾಭ ನೇರ: ತಲೆಗಿಂತ ಬಹಳ ದೊಡ್ಡದಾದ ಹೆಲ್ಮೆಟ್ ಗಾಳಿಗೆ ಸಿಕ್ಕಿ ಎಳೆಯುತ್ತದೆ. ಒಳಪದರದಲ್ಲೂ ಬೇರೆ ಬೇರೆ ಜಾಗಕ್ಕೆ ಬೇರೆ ಬೇರೆ ಸಾಂದ್ರತೆಯ ಥರ್ಮೋಕೋಲ್ ಕೂರಿಸುತ್ತಾರೆ. ಮಾಡಬೇಕಾದ ಹಾಗೆ ಮಾಡಿದ್ದರೆ ಇದು ರಕ್ಷಣೆಯನ್ನೇ ಹೆಚ್ಚಿಸುವ ಖರ್ಚು.

ಇನ್ನು ಗಾಳಿ ಕಿಂಡಿ, ಬಿಚ್ಚಿ ತೊಳೆಯುವ ಅಸ್ತರು, ಮಂಜು ಕಟ್ಟದ ವೈಸರ್, ಬಣ್ಣ, ರೇಸ್ ಸವಾರರ ಜಾಹೀರಾತು. ಇವುಗಳಲ್ಲಿ ವೈಸರ್ ಮಾತ್ರ ಸೌಕರ್ಯದ ಸಾಲಿಗೆ ಸೇರಿಸಬಾರದ ವಸ್ತು. ಗೀರು ಬಿದ್ದ ವೈಸರಿನಲ್ಲಿ ರಾತ್ರಿ ಎದುರು ವಾಹನದ ಬೆಳಕು ಚೆಲ್ಲಾಪಿಲ್ಲಿಯಾಗಿ ರಸ್ತೆಯೇ ಮಾಯವಾಗುತ್ತದೆ. ಅಗ್ಗದ ಹೆಲ್ಮೆಟ್ಟಿನ ವೈಸರ್ ಬೇಗ ಗೀರು ಹಿಡಿಯುತ್ತದೆ ಎಂಬುದು ನಿಜ. ಅದಕ್ಕೆ ಪರಿಹಾರ ವೈಸರ್ ಬದಲಿಸುವುದು, ಹಾಗಾಗಿ ಕೊಳ್ಳುವಾಗಲೇ ಆ ಮಾದರಿಗೆ ಬಿಡಿ ವೈಸರ್ ಸಿಗುತ್ತದೆಯೇ ಎಂದು ಕೇಳಿಕೊಳ್ಳಿ. ಗದ್ದಲದ ವಿಷಯದಲ್ಲಿ ದುಬಾರಿ ಹೆಲ್ಮೆಟ್ಟೂ ಪವಾಡ ಮಾಡುವುದಿಲ್ಲ. ಹೆದ್ದಾರಿ ವೇಗದಲ್ಲಿ ಕುತ್ತಿಗೆಯ ಬಳಿ ಸುಳಿಯುವ ಗಾಳಿಯ ಸದ್ದು ಕಿವಿಗೆ ಹಾನಿ ಮಾಡುವ ಮಟ್ಟ ತಲುಪುತ್ತದೆ, ಫೋಮಿನ ಇಯರ್‌ಪ್ಲಗ್ ಅದನ್ನು ಹೆಚ್ಚು ತಗ್ಗಿಸುತ್ತದೆ.

ದುಬಾರಿ ಮಾದರಿಗಳಲ್ಲಿ ಕೆನ್ನೆಯ ಮೆತ್ತೆಗಳಿಗೆ ಕೆಂಪು ಪಟ್ಟಿ ಇರುವುದನ್ನು ನೋಡಿರಬಹುದು. ಅಪಘಾತವಾದಾಗ ಅದನ್ನು ಎಳೆದರೆ ಮೆತ್ತೆ ಹೊರಬಂದು, ಕುತ್ತಿಗೆಯನ್ನು ಹೆಚ್ಚು ಅಲುಗಿಸದೆ ಹೆಲ್ಮೆಟ್ ತೆಗೆಯಬಹುದು. ಒಳ್ಳೆಯ ಸೌಲಭ್ಯ. ಈಗ ಮಧ್ಯಮ ಬೆಲೆಯವಕ್ಕೂ ಬರುತ್ತಿದೆ.

ಅಗ್ಗ ನಿಜಕ್ಕೂ ಅಪಾಯವಾಗುವುದು

ಗುರುತು ಓದಲು ಕಲಿಯುವುದೇ ಇಲ್ಲಿ ರಕ್ಷಣೆ. ಇಸಿಇ ಗುರುತು ಗದ್ದದ ಪಟ್ಟಿಗೆ ಹೊಲಿದ ಬಟ್ಟೆಯ ಚೀಟಿಯ ಮೇಲಿರುತ್ತದೆ. ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ, ಪಕ್ಕದಲ್ಲಿ ಒಪ್ಪಿಗೆ ಕೊಟ್ಟ ದೇಶದ ಸಂಖ್ಯೆ: 1 ಜರ್ಮನಿ, 2 ಫ್ರಾನ್ಸ್, 3 ಇಟಲಿ, 9 ಸ್ಪೇನ್. ಕೆಳಗಿನ ಸಂಖ್ಯೆ 06ರಿಂದ ಶುರುವಾಗಿದ್ದರೆ ಹೊಸ ಮಾನದಂಡ, 05ರಿಂದ ಆದರೆ ಹಳೆಯದು. ಸಂಖ್ಯೆಯ ನಂತರ ಪಿ ಎಂದಿದ್ದರೆ ಗದ್ದದ ಭಾಗವೂ ಪರೀಕ್ಷೆಯಲ್ಲಿ ಪಾಸಾಗಿದೆ, ಜೆ ಅಂದರೆ ಗದ್ದ ತೆರೆದ ಹೆಲ್ಮೆಟ್, ಎನ್‌ಪಿ ಅಂದರೆ ಗದ್ದದ ಮುಂದೆ ಕಾಣುವ ಭಾಗ ರಕ್ಷಣೆಗೆ ಬಾರದು. ಈ ಎನ್‌ಪಿ ಬಗ್ಗೆ ಎಚ್ಚರ ಇರಲಿ, ನೋಡಲು ಅದು ಫುಲ್ ಫೇಸ್‌ನಂತೆಯೇ ಇರುತ್ತದೆ. ಡಾಟ್ ಆದರೆ ಹೆಲ್ಮೆಟ್ಟಿನ ಹಿಂಬದಿಯಲ್ಲಿ ಡಾಟ್ ಎಂಬ ಮೂರು ಅಕ್ಷರದ ಜೊತೆ ತಯಾರಕರ ಹೆಸರು, ಮಾದರಿ, ಎಫ್‌ಎಂವಿಎಸ್‌ಎಸ್ 218 ಮತ್ತು ಇಂಗ್ಲಿಷಿನಲ್ಲಿ ‘ಸರ್ಟಿಫೈಡ್’ (ಪ್ರಮಾಣಿತ) ಎಂಬ ಬರಹ ಎಲ್ಲವೂ ಇರಬೇಕು. ಬರೀ ಮೂರು ಅಕ್ಷರದ ಸ್ಟಿಕರ್ ಯಾರು ಬೇಕಾದರೂ ಅಂಟಿಸಬಹುದು. ಐಎಸ್‌ಐ ಗುರುತಿನ ಜೊತೆ ಐಎಸ್ 4151 ಎಂಬ ಸಂಖ್ಯೆ ಇರಬೇಕು.

ಗುರುತು ನಕಲಿ ಮಾಡಬಹುದು, ಥರ್ಮೋಕೋಲ್ ದಪ್ಪವನ್ನು ನಕಲಿ ಮಾಡಲಾಗದು. ಅಂಗಡಿಯಲ್ಲೇ ಅಸ್ತರಿನ ಅಂಚನ್ನು ಸರಿಸಿ ಬೆರಳು ತೂರಿಸಿ. ಸುತ್ತಲೂ ಸುಮಾರು 25 ಮಿಲಿಮೀಟರ್ ಅಥವಾ ಹೆಚ್ಚು ದಪ್ಪದ ಗಟ್ಟಿ ಪದರ ಸಿಗಬೇಕು. ಹೆಬ್ಬೆರಳಿನಿಂದ ಒತ್ತಿದರೆ ಸ್ಪಂಜಿನಂತೆ ತಗ್ಗಿ ಮತ್ತೆ ಮೇಲೆದ್ದರೆ ಅದು ಬರೀ ಮೆತ್ತೆ, ರಕ್ಷಣೆಯ ಪದರವೇ ಅಲ್ಲ. ಫುಲ್ ಫೇಸ್ ಆದರೆ ಗದ್ದದ ಭಾಗದ ಒಳಗೂ ಥರ್ಮೋಕೋಲ್ ಇದೆಯೇ ನೋಡಿ, ಕೆಲವು ಅಗ್ಗದವುಗಳಲ್ಲಿ ಅಲ್ಲಿ ಬರೀ ಪ್ಲಾಸ್ಟಿಕ್ಕು, ಮೇಲೆ ತೆಳು ಬಟ್ಟೆ. ಅರ್ಧ ಕಿಲೊಗಿಂತ ಕಡಿಮೆ ತೂಗುವ ಹೆಲ್ಮೆಟ್ಟನ್ನು ಹಗುರವಾಗಿದೆ ಎಂದು ಮೆಚ್ಚಬೇಡಿ, ಅದರೊಳಗೆ ಇರಬೇಕಾದದ್ದು ಇಲ್ಲ. ಪಟ್ಟಿಯ ರಿವೆಟ್ ಚಿಪ್ಪಿಗೆ ಗಟ್ಟಿಯಾಗಿ ಕೂತಿದೆಯೇ, ಪಟ್ಟಿಯನ್ನು ಎರಡೂ ಕೈಯಿಂದ ಜೋರಾಗಿ ಜಗ್ಗಿದರೆ ಬಕಲ್ ಬಿಚ್ಚುತ್ತದೆಯೇ ಎಂದೂ ಪರೀಕ್ಷಿಸಿ.

ಇನ್ನೊಂದು ಮಾತು. ಅಪಘಾತಗಳ ಅಧ್ಯಯನಗಳಲ್ಲಿ ಪೆಟ್ಟಿನ ದೊಡ್ಡ ಪಾಲು ಗದ್ದ ಮತ್ತು ಮುಖದ ಭಾಗದಲ್ಲೇ ಕಂಡಿದೆ. ಬಹಳ ದುಬಾರಿಯಾದ ಅರ್ಧ ಹೆಲ್ಮೆಟ್ಟಿಗಿಂತ ಪಾಸಾದ ಅಗ್ಗದ ಫುಲ್ ಫೇಸ್ ಎಷ್ಟೋ ಮೇಲು.

ಅಳತೆ ತಪ್ಪಿದರೆ ಯಾವ ಬೆಲೆಯೂ ಕಾಯದು

ಬಿದ್ದಾಗ ತಲೆಯಿಂದ ಕಳಚಿ ಹೋದ ಹೆಲ್ಮೆಟ್ಟಿನ ಗುಣಮಟ್ಟದ ಬಗ್ಗೆ ಮಾತಾಡುವುದರಲ್ಲಿ ಅರ್ಥವಿಲ್ಲ. ಹುಬ್ಬಿನಿಂದ ಸುಮಾರು 2.5 ಸೆಂಟಿಮೀಟರ್ ಮೇಲೆ, ಕಿವಿಗಳ ಮೇಲಿಂದ, ಹಿಂದಲೆಯ ಉಬ್ಬಿನ ಮೇಲೆ ಹಾದುಹೋಗುವಂತೆ ಟೇಪು ಸುತ್ತಿ ಅಳೆಯಿರಿ. ಎರಡು ಮೂರು ಸಲ ಅಳೆದು ದೊಡ್ಡ ಅಂಕಿ ಇಟ್ಟುಕೊಳ್ಳಿ. ಸೈಜಿನ ಚೀಟಿಯಲ್ಲಿ ಅಳತೆ ಸರಿಬಂದರೂ ತಲೆಯ ಆಕಾರ ಹೊಂದದೆ ಹೋಗಬಹುದು: ಕೆಲವರದು ಗುಂಡನೆಯ ತಲೆ, ಕೆಲವರದು ಹಿಂದಕ್ಕೆ ಉದ್ದ. ಉದ್ದ ತಲೆಯವರು ಗುಂಡು ಹೆಲ್ಮೆಟ್ ಹಾಕಿದರೆ ಹಣೆ ಒತ್ತಿ ನೋಯುತ್ತದೆ, ಕಿವಿಯ ಬಳಿ ಸಡಿಲ. ನೋವು ತಾಳದೆ ಒಂದು ಸೈಜು ದೊಡ್ಡದು ಕೊಳ್ಳುತ್ತಾರೆ, ತಪ್ಪಾಗುವುದು ಅಲ್ಲೇ. ಸೈಜು ದೊಡ್ಡದು ಮಾಡದೆ ಬೇರೆ ಕಂಪನಿಯ ಮಾದರಿ ಹಾಕಿ ನೋಡಿ.

ಹೊಸ ಹೆಲ್ಮೆಟ್ ಕೆನ್ನೆಗಳನ್ನು ಒತ್ತಿ ಹಿಡಿಯಬೇಕು. ಮೆತ್ತೆ ಕೆಲವು ವಾರಗಳಲ್ಲಿ ಕೂರುತ್ತದೆ, ಅಂಗಡಿಯಲ್ಲೇ ಹಾಯಾಗಿದ್ದದ್ದು ಆಮೇಲೆ ಸಡಿಲವಾಗುತ್ತದೆ. ಪಟ್ಟಿ ಬಿಗಿದು, ಹೆಲ್ಮೆಟ್ಟನ್ನು ಎಡಕ್ಕೂ ಬಲಕ್ಕೂ ತಿರುಗಿಸಿ: ಹಣೆಯ, ಕೆನ್ನೆಯ ಚರ್ಮ ಅದರ ಜೊತೆಗೇ ಎಳೆದುಕೊಂಡು ಬರಬೇಕು. ಆಮೇಲೆ ತಲೆ ಬಗ್ಗಿಸಿ, ಹಿಂಬದಿಯ ಕೆಳ ಅಂಚಿಗೆ ಬೆರಳು ಹಾಕಿ ಮುಂದಕ್ಕೆ ಎತ್ತಿ ತಳ್ಳಿ. ಕಳಚಿ ಬಂದರೆ ಆ ಹೆಲ್ಮೆಟ್ ಬೇಡ. 15–20 ನಿಮಿಷ ಹಾಕಿಕೊಂಡೇ ಇದ್ದು ತೆಗೆದು, ಹಣೆಯಲ್ಲಿ ಒಂದೇ ಕಡೆ ಕೆಂಪು ಗುರುತು ಮೂಡಿದೆಯೇ ಎಂದು ಕನ್ನಡಿಯಲ್ಲಿ ನೋಡಿ.

ಪಟ್ಟಿ ಮತ್ತು ಗದ್ದದ ನಡುವೆ ಒಂದೆರಡು ಬೆರಳಷ್ಟೇ ಹಿಡಿಯಬೇಕು. ಜೋಡಿ ಉಂಗುರದ ಬಕಲ್ ಆದರೆ ಪಟ್ಟಿಯನ್ನು ಎರಡೂ ಉಂಗುರಗಳೊಳಗಿಂದ ಹಾಯಿಸಿ, ಹೊರ ಉಂಗುರದ ಮೇಲಿಂದ ತಿರುಗಿಸಿ, ಒಳ ಉಂಗುರದೊಳಗೆ ಮಾತ್ರ ತೂರಿಸಿ ಎಳೆಯಬೇಕು. ಪ್ರತಿ ಸಲವೂ ಅದು ತಾನಾಗಿ ತಕ್ಕ ಬಿಗಿಗೆ ಬರುತ್ತದೆ. ಹಲ್ಲುಪಟ್ಟಿಯ ಬಕಲ್ ಸುಲಭ, ಆದರೆ ಮೆತ್ತೆ ಕೂತ ಮೇಲೆ ಅದರ ಉದ್ದವನ್ನು ಮತ್ತೆ ಸರಿಪಡಿಸಬೇಕು, ಬಹಳ ಜನ ಕೊಂಡ ದಿನದ ಸಡಿಲಿಗೇ ಬಿಟ್ಟಿರುತ್ತಾರೆ.

ಇರುವುದನ್ನು ಕೆಡಿಸದಿರಲು

ಪೆಟ್ರೋಲು ಥರ್ಮೋಕೋಲನ್ನು ಕರಗಿಸುತ್ತದೆ. ಥಿನ್ನರ್, ಪೇಂಟ್, ಕೆಲವು ಸ್ಟಿಕರಿನ ಅಂಟು ಪಾಲಿಕಾರ್ಬೊನೇಟ್ ಚಿಪ್ಪನ್ನು ಕಣ್ಣಿಗೆ ಕಾಣದಂತೆ ದುರ್ಬಲ ಮಾಡುತ್ತವೆ. ತೊಳೆಯಲು ಸೌಮ್ಯವಾದ ಸೋಪು, ನೀರು ಸಾಕು. ಬೈಕಿನ ಕನ್ನಡಿಗೆ ಹೆಲ್ಮೆಟ್ ಸಿಕ್ಕಿಸುವ ಅಭ್ಯಾಸ ಬಿಡಿ, ಕನ್ನಡಿಯ ತುದಿ ದಿನವೂ ಒತ್ತಿ ಒತ್ತಿ ನೆತ್ತಿಯ ಭಾಗದ ಥರ್ಮೋಕೋಲಿನಲ್ಲಿ ಗುಳಿ ಬೀಳುತ್ತದೆ, ಆ ಜಾಗದಲ್ಲಿ ಕುಸಿಯಲು ಇನ್ನು ಏನೂ ಉಳಿದಿರುವುದಿಲ್ಲ.

ಖಾಲಿ ಹೆಲ್ಮೆಟ್ ಸೀಟಿನಿಂದ ಜಾರಿ ಬಿದ್ದರೆ ಸಾಮಾನ್ಯವಾಗಿ ಗಾಬರಿ ಬೇಡ, ಒಳಗಿನಿಂದ ಪದರವನ್ನು ಒತ್ತಲು ಅಲ್ಲಿ ತಲೆ ಇರಲಿಲ್ಲ. ತಲೆಯಲ್ಲಿದ್ದಾಗ ಪೆಟ್ಟು ಬಿದ್ದಿದ್ದರೆ, ಹೊರಗೆ ಗೀರು ಮಾತ್ರ ಕಂಡರೂ, ಬದಲಿಸಲೇಬೇಕು. ಪೆಟ್ಟೇ ಬೀಳದಿದ್ದರೂ ಬೆವರು, ಎಣ್ಣೆ, ಬಿಸಿಲಿಗೆ ಅಂಟು ಮತ್ತು ಮೆತ್ತೆ ಸವೆಯುವುದರಿಂದ ಐದು ವರ್ಷಕ್ಕೊಮ್ಮೆ ಬದಲಿಸಿ ಎಂದು ಸ್ನೆಲ್ ಸಲಹೆ ಕೊಡುತ್ತದೆ. ಐದು ವರ್ಷದ ಈ ಲೆಕ್ಕ ಕೊಳ್ಳುವಾಗಲೇ ತಲೆಯಲ್ಲಿರಲಿ: ಒಂದು ದುಬಾರಿ ಹೆಲ್ಮೆಟ್ಟನ್ನು ಹತ್ತು ವರ್ಷ ಎಳೆಯುವುದಕ್ಕಿಂತ, ಪಾಸಾದ ಮಧ್ಯಮ ಬೆಲೆಯದನ್ನು ಹೊತ್ತಿಗೆ ಸರಿಯಾಗಿ ಬದಲಿಸುವುದು ಒಳ್ಳೆಯದು. ಯಾರು ಬಳಸಿದ್ದೋ ಗೊತ್ತಿಲ್ಲದ ಹಳೆಯ ಹೆಲ್ಮೆಟ್ ಕೊಳ್ಳಲೇಬೇಡಿ. ಪೆಟ್ಟು ತಿಂದದ್ದನ್ನು ಬಿಸಾಡುವಾಗ ಅದರ ಪಟ್ಟಿಯನ್ನು ಕತ್ತರಿಸಿ ಹಾಕಿ, ಇಲ್ಲದಿದ್ದರೆ ಚೆನ್ನಾಗಿದೆ ಎಂದುಕೊಂಡು ಯಾರಾದರೂ ಅದನ್ನೇ ಎತ್ತಿ ತಲೆಗೇರಿಸುತ್ತಾರೆ.